ಆವಾಜ್ ಸಾಹೇಬರು ಹೇಳದೆ ಬಿಟ್ಟದ್ದು

ಅವರಿಗೆ ಮಣ್ಣು ಕೊಟ್ಟು ಕಬರಸ್ತಾನದಿಂದ ಹಿಂದಿರುಗುವಾಗ ನನ್ನ ಮುಂದೆ ನಡೆಯುತ್ತಿದ್ದ ಇಬ್ಬರು ಅವರ ವಿಷಯವನ್ನೇ ಮಾತನಾಡುತ್ತಿದ್ದರು. "ಸತ್ತವರನ್ನ ಮಷೀನದಾಗ ಮಾತಾಡಸ್ತಿದ್ದರಂತ. ದೇವದುರ್ಗದ ಕಡಿ ಒಬ್ಬಾಕಿ ಗಂಡನ್ನ ಹಂಗ ಕರಸಿದ್ರಂತ" ಎಂದನೊಬ್ಬ. "ಕರಸಿಲ್ಲೋ, ಸುಳ್ಳ ಹೇಳಿ ಆಕಿ ಬಾಳೇವು ಕೆಡಿಸಿದ್ರಂತ" ಎಂದನು ಇನ್ನೊಬ್ಬ. ರಾಯಚೂರಿನಲ್ಲಿ ಈ ಎರಡು ಕಥೆಗಳೂ ಬಹುಕಾಲದಿಂದ ಓಡಾಡುತ್ತಿವೆ. ಎರಡನ್ನೂ ಜನ ಒಂದೇ ಖಾತ್ರಿಯಿಂದ ಹೇಳುತ್ತಾರೆ. ಆ ಸಂಗತಿ ನಡೆದದ್ದು ನನ್ನ ಛಾಪಖಾನೆಯ ಮೇಲಿನ ಕೋಣೆಯಲ್ಲಿ. ಅದನ್ನು ಪೂರ್ತಿಯಾಗಿ ಬಲ್ಲವನು ಈಗ ನಾನೊಬ್ಬನೇ ಉಳಿದಿದ್ದೇನೆ. ಆ ಹೆಣ್ಣುಮಗಳೂ ಅವಳ ಅತ್ತೆಯೂ ಬದುಕಿದ್ದಾಗ ಇದನ್ನು ಬರೆಯುವಂತಿರಲಿಲ್ಲ. ಈಗ ಸಾಹೇಬರೂ ಹೋದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇರಲಿಲ್ಲ. ಎಲ್ಲರಿಗೂ ಅವರು ಆವಾಜ್ ಸಾಹೇಬರು. ಪೇಟೆಯಲ್ಲಿ ಬಟ್ಟೆಯ ಅಂಗಡಿ ನಡೆಸುತ್ತಿದ್ದ ಮನೆತನದ ಕಿರಿಯ ಮಗ. ಮನೆಯಲ್ಲಿ ದಖನಿ, ಗಿರಾಕಿಗಳ ಮುಂದೆ ಕನ್ನಡ, ಗಡಿಯಾಚೆಯವರು ಬಂದರೆ ತೆಲುಗು. ಒಂದೇ ದಿನದಲ್ಲಿ ಮೂರು ಭಾಷೆಗಳ ಉಸಿರಾಟವನ್ನು ಕೇಳುತ್ತ ಬೆಳೆದವರು ಅವರು. ಹೈದರಾಬಾದಿನಲ್ಲಿ ಉಚ್ಚಾರವನ್ನು ಅಭ್ಯಾಸ ಮಾಡುವ ಸಂಸ್ಥೆಯೊಂದರಲ್ಲಿ ಓದಿ, ಅಲ್ಲಿಯೇ ನೌಕರಿ ಹಿಡಿದು, ಎಪ್ಪತ್ತರ ದಶಕವನ್ನೆಲ್ಲ ತೆಲಂಗಾಣದ ಹಳ್ಳಿಗಳಲ್ಲಿ ಟೇಪ್ ರೆಕಾರ್ಡರ್ ಹೊತ್ತು ಕಳೆದರು. ಎಂಬತ್ತರ ದಶಕದ ಕೊನೆಗೆ ಆ ಸಂಸ್ಥೆ ತನ್ನ ಹಳೆಯ ಕಂಪ್ಯೂಟರೊಂದನ್ನು ಮೂಲೆಗೆ ಹಾಕಿತು. ಸಾಹೇಬರು ನೌಕರಿಯನ್ನು ಅಲ್ಲಿಯೇ ಬಿಟ್ಟು ಆ ಯಂತ್ರವನ್ನು ಊರಿಗೆ ತಂದರು. ಮನೆಯಲ್ಲಿ ಇಡಗೊಡಲಿಲ್ಲವಾದ್ದರಿಂದ ನನ್ನ ಕೋಣೆಗೆ ಬಂದರು.

ಅವರ ಅಣ್ಣ ಒಮ್ಮೆ ಮೆಟ್ಟಿಲು ಹತ್ತಿ ಬಂದು, ಹಸಿರು ಪರದೆಯನ್ನು ಬಹಳ ಹೊತ್ತು ದಿಟ್ಟಿಸಿ, "ಇದರಾಗ ಏನ್ ಕಾಣ್ತದ?" ಎಂದು ಕೇಳಿದರು.

"ಆವಾಜ್ ಕಾಣ್ತದ."

"ಆವಾಜ್ ಕೇಳೂದು ಬಿಟ್ಟು ನೋಡಾಕ ಕುಂತೀಯೇನ್ಬೇ? ದುಕಾನಿನ್ಯಾಗ ಕುಂತಿದ್ರ ನಾಕ ಗಜ ಬಟ್ಟಿನಾರ ಹರೀತಿದ್ದಿ."

ಸಾಹೇಬರು ನಕ್ಕರು. ಅಣ್ಣನ ಆ ಮಾತು ಯಂತ್ರದೊಳಗೆ ಸೇರಿತ್ತೆಂಬುದು ನನಗೆ ತಿಳಿದದ್ದು ಮರುದಿನ, ಪರದೆಯ ಮೇಲೆ ಅದರ ಚಿತ್ರವನ್ನು ತೋರಿಸಿ, "ಇಲ್ಲಿ ನೋಡ್ರಿ, ಬೈಯುವಾಗ ನಮ್ಮಣ್ಣನ ಗಂಟಲಾ ಎಷ್ಟು ಮೆತ್ತಗಾಗ್ತದ" ಎಂದು ಅವರು ಹೇಳಿದಾಗ.

ಯಂತ್ರವು ಒಮ್ಮೆಗೆ ಕೆಲವೇ ಸೆಕೆಂಡುಗಳ ಧ್ವನಿಯನ್ನು ನುಂಗಬಲ್ಲುದಾಗಿತ್ತು. ನುಂಗಿದ್ದನ್ನು ಅರಗಿಸಿ ಗೆರೆಗೆರೆಯಾಗಿ ಬಿಡಿಸುವಷ್ಟರಲ್ಲಿ ಕೆಳಗಿನ ಹೋಟೆಲಿನಿಂದ ಚಹ ತರಿಸಿ ಕುಡಿದು ಮುಗಿಸಬಹುದಿತ್ತು. ಅದು ಕೆಡದ ದಿನವನ್ನು ನಾನು ಕಾಣೆ. ಹತ್ತಿಯ ಸುಗ್ಗಿಯಲ್ಲಿ ಜಿನ್ನಿಂಗ್ ಕಾರ್ಖಾನೆಗಳಿಂದ ಹಾರಿಬಂದ ಅರಳೆ ಅದರ ಫ್ಯಾನಿಗೆ ಸುತ್ತಿಕೊಂಡು, ಯಂತ್ರ ಕಾದು, ಅಕ್ಷರಗಳು ತಲೆಕೆಟ್ಟು ಕುಣಿಯುತ್ತಿದ್ದವು. ಸಂಜೆ ಹಿಟ್ಟಿನ ಗಿರಣಿಗಳು ಶುರುವಾದರೆ ಕರೆಂಟು ಕುಗ್ಗಿ, ಅಲ್ಲಿಯವರೆಗಿನ ಕೆಲಸವೆಲ್ಲ ಅಳಿಸಿಹೋಗುತ್ತಿತ್ತು. ಒಮ್ಮೆ ಫ್ಲಾಪಿಯನ್ನು ಮರೆತು ಸ್ಪೀಕರಿನ ಮೇಲಿಟ್ಟರು. ಅದರ ಅಯಸ್ಕಾಂತವು ಇಡೀ ವಾರದ ದುಡಿಮೆಯನ್ನು ಒರೆಸಿಹಾಕಿತು. ಪರದೆಯ ತಳದಲ್ಲಿ ಒಮ್ಮೊಮ್ಮೆ ದಪ್ಪ ಗೆರೆಯೊಂದು ಬಂದು ನಿಲ್ಲುತ್ತಿತ್ತು. ಆಗ ಅವರು ಮೆಟ್ಟಿಲ ತುದಿಗೆ ಬಂದು ಕೂಗುತ್ತಿದ್ದರು: "ಮಾಲಕ್ರ, ಜರಾ ಛಾಪಖಾನಿ ಬಂದ್ ಮಾಡ್ರಿ. ನಿಮ್ಮ ಮೋಟರ್ ನನ್ನ ಹಾಡಿನ್ಯಾಗ ಬಂದು ಕುಂತದ."

ದೋಷ ಹುಡುಕುವುದಕ್ಕೆ ಅವರದೇ ಒಂದು ಕ್ರಮವಿತ್ತು. ಮೊದಲು ವೈರು, ಅನಂತರ ಕರೆಂಟು, ಅನಂತರ ಟೇಪು, ಕೊನೆಗೆ ಪ್ರೋಗ್ರಾಮು. ಅದಕ್ಕಿಂತ ವಿಚಿತ್ರವಾದ ಇನ್ನೊಂದು ರೂಢಿಯೂ ಇತ್ತು. ಯಾರದೇ ಧ್ವನಿಯನ್ನು ಯಂತ್ರಕ್ಕೆ ಕೊಡುವ ಮುನ್ನ ತಮ್ಮ ಧ್ವನಿಯಲ್ಲಿ ಒಂದು ಸಾಲು ಹೇಳುತ್ತಿದ್ದರು. ಆ ದಿನದ ಬಿಸಿಲು ಹೇಗಿದೆ, ಬೀದಿಯಲ್ಲಿ ಏನು ಹೋಗುತ್ತಿದೆ, ಇಂಥದೇನಾದರೂ. ಏಕೆಂದು ಕೇಳಿದ್ದಕ್ಕೆ, "ಪರಾಯಿ ಆವಾಜ್ ಕೆಟ್ಟರ ನನಗ ತಿಳಿಯಾಂಗಿಲ್ಲ. ನಂದು ಕೆಟ್ಟರ ತಿಳೀತದ" ಎಂದರು. ಯಂತ್ರದ ಮೇಲೆ ಅವರಿಗೆ ಇದ್ದ ನಂಬಿಕೆ ಅಷ್ಟೇ. ಆ ಮಟ್ಟಿಗೆ ಅವರು ನನ್ನ ಜಾತಿಯವರಾಗಿದ್ದರು. ನಾನು ಉರ್ದು ಶಾಲೆಯನ್ನು ನಾಲ್ಕನೆಯದಕ್ಕೇ ಬಿಟ್ಟು, ಅಚ್ಚಿನ ಮೊಳೆಗಳನ್ನು ತಿರುವುಮುರುವಾಗಿ ಜೋಡಿಸುತ್ತ ಕನ್ನಡ ಕಲಿತವನು. ನೆಟ್ಟಗೆ ಕಾಣುವ ಯಾವ ಬರಹವನ್ನೂ ಒಮ್ಮೆ ತಿರುಗಿಸಿ ನೋಡದೆ ಒಪ್ಪುವವನಲ್ಲ.

ಊರಿನವರು ಅವರಲ್ಲಿಗೆ ತರುತ್ತಿದ್ದುದು ಹೆಚ್ಚಾಗಿ ಸತ್ತವರ ಟೇಪುಗಳನ್ನು. ತಂದೆಯ ಆಶೀರ್ವಾದ, ತೀರಿಕೊಂಡ ಮಗಳು ಕೂಸಾಗಿದ್ದಾಗಿನ ತೊದಲು, ಇಂಥವನ್ನು ತಂದು, ಗರಗರ ಸದ್ದು ತೆಗೆದುಕೊಡಿ ಎನ್ನುತ್ತಿದ್ದರು. ಅವರೆಲ್ಲ ಇಳಿದುಹೋದ ಮೇಲೆ ಆ ಕೋಣೆ ಖಾಲಿಯಾದಂತೆ ನನಗೆ ಎಂದೂ ಅನ್ನಿಸಿದ್ದಿಲ್ಲ. ಸಾಹೇಬರ ಬಳಿಯೂ ತಮ್ಮದೆಂಬ ಟೇಪೊಂದಿತ್ತು. ಅದರಲ್ಲಿ ಮಾತಿಲ್ಲ, ಹಾಡಿಲ್ಲ. ಅವರ ತಾಯಿ ಮಧ್ಯಾಹ್ನ ಮಲಗಿದ್ದಾಗ ಆ ಕೋಣೆಯಲ್ಲಿ ರೆಕಾರ್ಡರನ್ನು ಇಟ್ಟು ಹೊರಗೆ ಹೋಗಿದ್ದರಂತೆ. ಫ್ಯಾನಿನ ಸದ್ದು, ಉಸಿರು, ಒಂದು ಕಡೆ ಬಳೆ ಹೊರಳಿದ ಸಪ್ಪಳ. ಕೆಲಸವಿಲ್ಲದ ದಿನ ಅದನ್ನು ಹಚ್ಚಿ, ಅವರು ತಮ್ಮ ಪಾಡಿಗೆ ವೈರುಗಳನ್ನು ಬೆಸೆಯುತ್ತ ಕೂತಿರುತ್ತಿದ್ದರು. ನಾನು ಒಳಗೆ ಬಂದರೆ ಬೆರಳನ್ನು ತುಟಿಯ ಮೇಲಿಡುತ್ತಿದ್ದರು. ಎಬ್ಬಿಸಬಾರದು ಎಂಬಂತೆ.

ಇಂಥ ಕೋಣೆಗೆ ಒಂದು ಬೆಳಿಗ್ಗೆ ಮೂವರು ಬಂದರು. ಸುಮಾರು ಮೂವತ್ತರ ಹೆಂಗಸು, ಅವಳ ಅತ್ತೆ, ಅವಳ ಅಣ್ಣ. ಅತ್ತೆ ಸೊಸೆ ಇಬ್ಬರೂ ದೇವದುರ್ಗದ ಕಡೆಯ, ಕೃಷ್ಣೆಯ ದಂಡೆಯ ಹಳ್ಳಿಯವರು, ಕುರಿ ಸಾಕುವ ಮನೆಯವರು. ಅಣ್ಣ ಮಾನವಿ ತಾಲೂಕಿನ ಹಿರೇಕೊಟ್ನೆಕಲ್ಲಿನವನು. ಮೊದಲು ಬಾಯಿ ತೆರೆದವಳು ಅತ್ತೆ.

"ನಮ್ಮ ಸೊಸಿಗಿ ಗಾಳಿ ಬಡದದ್ರೀ ಸಾಹೇಬ್ರ. ಸತ್ತಾಂವ ಹಾಡಾಕತ್ತಾನ ಅಂತಾಳ. ನಿಮ್ಮ ಡಬ್ಬಿ ಕಡಿಂದ ಒಂದ ಮಾತ ಹೇಳಸ್ರಿ, ಮುಗಿಸಿಕೊಂಡು ಬಸ್ ಹಿಡೀತೀವಿ."

"ಯತ್ತೀ, ನೀ ಸುಮ್ನಿರು" ಎಂದಳು ಸೊಸೆ.

"ಸುಮ್ನಿದ್ದ ಸುಮ್ನಿದ್ದ ಇಲ್ಲೀತನಾ ಬಂದೀವಲ್ಲ."

ಸಂಗತಿ ಇಷ್ಟು. ಇವಳ ಗಂಡ ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಗೊತ್ತಿದ್ದವನು. ಅಲಾಯಿ ಕುಣಿಯೆಂಬ ಬೆಂಕಿಗುಂಡಿಯ ಸುತ್ತ ಹಿಂದೂ ಮುಸಲ್ಮಾನರೆನ್ನದೆ ಜನ ನೆರೆದು ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಕೇಳಿ ಅಳುವುದು ನಮ್ಮ ಕಡೆಯ ಪದ್ಧತಿ. ಅಲ್ಲಿ ಅವನು ಕಟ್ಟಿಗೆಯ ಬಳೆಗೆ ಚರ್ಮ ಬಿಗಿದ ದಮ್ಮಡಿ ಬಾರಿಸುತ್ತ ಹಾಡುತ್ತಿದ್ದನು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಮಳೆಗಾಲ, ಅವನಿದ್ದ ಹರಿಗೋಲು ತುಂಬಿದ ಕೃಷ್ಣೆಯಲ್ಲಿ ಮಗುಚಿತು. ಉಳಿದವರ ಹೆಣಗಳು ಸಿಕ್ಕವು. ಅವನದು ಸಿಗಲಿಲ್ಲ. ಮನೆಯವರು ಕಾದು, ಕೊನೆಗೆ ಹೆಣವಿಲ್ಲದೆಯೇ ದಿನ ಮಾಡಿ ಮುಗಿಸಿದರು. ಇವಳು ಬಳೆ ಒಡೆಯಲು ಕೈ ಕೊಡಲಿಲ್ಲ. ವರ್ಷಗಳು ಕಳೆದ ಮೇಲೆ ಅಣ್ಣ ಒಬ್ಬನನ್ನು ಗೊತ್ತು ಮಾಡಿ ಉಡಿಕಿಗೆ, ಅಂದರೆ ವಿಧವೆಯ ಮರುಮದುವೆಗೆ, ಹಿರಿಯರನ್ನು ಒಪ್ಪಿಸಿದ್ದನು. ಆ ಮಾತುಕತೆಗೆಂದು ತವರಿಗೆ ಹೊರಟವಳು ಮಾನವಿಯ ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಹಚ್ಚಿದ್ದ ಕ್ಯಾಸೆಟ್ಟಿನಲ್ಲಿ ಗಂಡನ ದನಿಯನ್ನು ಕೇಳಿ ಅಲ್ಲಿಯೇ ಕುಸಿದಳು. ಅಂಗಡಿಯವನು, "ಒಯ್ಯವ್ವಾ ತಾಯಿ, ನಿನ್ನ ಅಳು ನೋಡಿ ಗಿರಾಕಿ ಓಡಾಕತ್ತಾರ" ಎಂದು ಕ್ಯಾಸೆಟ್ಟನ್ನು ಅವಳ ಕೈಗೆ ಹಾಕಿದನು. ಅದನ್ನು ಮಾರಿದವನನ್ನು ಹುಡುಕಿ ಕೇಳಿದರೆ, "ಯಾರೋ ತಂದಿದ್ರು, ಇಳಿಸಿಕೊಂಡೆ. ಯಾವಾಗಿಂದೋ, ಎಲ್ಲೀದೋ" ಎಂದನಂತೆ.

ಅದು ಗಂಡನದೇ ದನಿ, ಅವನು ಎಲ್ಲೋ ದಡ ಸೇರಿ ಬದುಕಿ ಹಾಡುತ್ತಿದ್ದಾನೆ, ತನಗೆ ಉಡಿಕಿ ಬೇಡ ಎಂಬುದು ಅವಳ ವಾದ. ಅವಳನ್ನು ದೆವ್ವ ಬಿಡಿಸಲು ದರ್ಗಾಕ್ಕೆ ಕರೆದೊಯ್ಯಬೇಕೆಂಬುದು ಮನೆಯವರ ವಾದ. ಕೊನೆಗೆ ಹಿರಿಯರು, ರಾಯಚೂರಿನ ಆವಾಜ್ ಸಾಹೇಬರು ಹೇಳಿದಂತಾಗಲಿ ಎಂದು ಕಳಿಸಿದ್ದರು. ಹೋಲಿಸಿ ನೋಡಲು, ಅವನು ಕಾಣೆಯಾಗುವ ಮುಂಚಿನ ಮೊಹರಮ್ಮಿನಲ್ಲಿ ಊರಿನ ಮಾಸ್ತರರು ರೆಕಾರ್ಡ್ ಮಾಡಿದ್ದ ಇನ್ನೊಂದು ಕ್ಯಾಸೆಟ್ಟನ್ನೂ ತಂದಿದ್ದರು.

ಸಾಹೇಬರು ಎರಡರಲ್ಲಿಯೂ ಬರುವ ಒಂದೇ ಸಾಲನ್ನು ಹುಡುಕಿ ಯಂತ್ರಕ್ಕೆ ಕೊಟ್ಟರು. ಪರದೆಯ ಮೇಲೆ ಎರಡು ಚಿತ್ರಗಳು ನಿಧಾನವಾಗಿ ಮೂಡಿದವು. ಒಂದಕ್ಕೊಂದು ತಾಳೆಯಾಗಲಿಲ್ಲ. ಮಾಸ್ತರರ ಕ್ಯಾಸೆಟ್ಟಿನ ಗೆರೆಗಳು ಬಹಳ ಮೇಲಿದ್ದವು. ಎಳೆ ಹುಡುಗನೊಬ್ಬನು ಹಾಡಿದಂತೆ.

"ನೋಡವ್ವಾ, ಮುಗೀತಲ್ಲ. ಇನ್ನರ ಏಳು" ಎಂದ ಅಣ್ಣ.

ಅವಳು ಏಳಲಿಲ್ಲ. ಪರದೆಯನ್ನು ನೋಡಲೂ ಇಲ್ಲ. "ಇದಕ ಕಣ್ಣ ಅಷ್ಟ ಅದಾವು, ಕಿವಿ ಇಲ್ಲ" ಎಂದಳು.

ಸಾಹೇಬರಿಗೆ ಆ ಮಾತು ನಾಟಿತೆಂದು ತೋರುತ್ತದೆ. "ಠೈರೋ ಯವ್ವಾ, ತಡಿ" ಎಂದು ಮತ್ತೆ ಕೂತರು. ವೈರು ಬಿಚ್ಚಿ ಒರೆಸಿದರು. ಕರೆಂಟನ್ನು ಅಳೆದರು. ಟೇಪುಗಳನ್ನು ಸುತ್ತಿ ನೋಡಿದರು. ಎಲ್ಲವೂ ಸರಿಯಿತ್ತು. ಕೊನೆಗೆ, ಮಾಸ್ತರರ ಕ್ಯಾಸೆಟ್ಟಿಗೆ ಮುಂಚೆ ತಾವೇ ಹೇಳಿದ್ದ ಸಾಲನ್ನು ಪರದೆಗೆ ತಂದರು. ಅದರಲ್ಲಿ ಅವರ ಧ್ವನಿಯೂ ಎಳೆ ಹುಡುಗನದಾಗಿತ್ತು. ಅವರು ತಲೆಯ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟರು. ಆ ಯಂತ್ರ ಧ್ವನಿಯನ್ನು ಇಡಿಯಾಗಿ ತೆಗೆದುಕೊಳ್ಳುವುದಿಲ್ಲ, ಸೆಕೆಂಡಿಗೆ ಇಷ್ಟು ಎಂದು ಚೂರು ಚೂರಾಗಿ ಎತ್ತಿಕೊಳ್ಳುತ್ತದೆ. ಫ್ಲಾಪಿ ತುಂಬಿಹೋಗದಿರಲೆಂದು ಹಿಂದಿನ ದಿನ ಅವರು ಆ ಎಣಿಕೆಯನ್ನು ಇಳಿಸಿದ್ದರು. ಮಾಸ್ತರರ ಕ್ಯಾಸೆಟ್ಟು ಹಾಗೆಯೇ ಒಳಹೋಗಿತ್ತು, ಎರಡನೆಯದಕ್ಕೆ ಮಾತ್ರ ನೆನಪಾಗಿ ಏರಿಸಿದ್ದರು. ಎರಡನ್ನೂ ಒಂದೇ ವೇಗದಲ್ಲಿ ಓದಿದ ಪ್ರೋಗ್ರಾಮು ಮೊದಲನೆಯದನ್ನು ಮೇಲಕ್ಕೆ ಎಳೆದಿತ್ತು.

"ತಪ್ಪು ನಂದ ಐತ್ರಿ. ಮಷೀನದ್ದಲ್ಲ, ಈಕೀದೂ ಅಲ್ಲ" ಎಂದರು.

ಎಣಿಕೆಯನ್ನು ಸರಿಪಡಿಸಿ ಮತ್ತೆ ಕೊಟ್ಟಾಗ ಎರಡು ಚಿತ್ರಗಳೂ ಒಂದರ ಮೇಲೊಂದು ಇಡಬಹುದಾದಂತೆ ಬಂದವು. ಇಷ್ಟರಿಂದಲೇ ಒಬ್ಬನನ್ನು ಗುರುತಿಸಬಹುದೇ ಎಂಬ ವಿಷಯದಲ್ಲಿ ನನಗೆ ಇಂದಿಗೂ ಅನುಮಾನವಿದೆ. ಅವರಿಗೂ ಇತ್ತು. "ಅಂವ ಅಲ್ಲ ಅನ್ನಾಕ ಜಾಗಾ ಉಳದಿಲ್ಲ, ಅಷ್ಟ" ಎಂದರು. ಆದರೆ ಹೆಂಡತಿಗೆ ಅಷ್ಟು ಸಾಕಾಗಿತ್ತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಾಳಿ ಬಡಿದಿರಲಿಲ್ಲ.

ಆಗ ಸಾಹೇಬರು ಪರದೆಯ ಒಂದು ಮೂಲೆಯನ್ನು ತೋರಿಸಿದರು. ದಮ್ಮಡಿಯ ಪ್ರತಿ ಪೆಟ್ಟಿನ ಹಿಂದೆಯೂ ಕೂದಲಿನಂಥ ಗೆರೆಯೊಂದು ನಡುಗುತ್ತ ನಿಂತಿತ್ತು. ಎರಡು ಚಿತ್ರಗಳಲ್ಲೂ.

"ಇದೇನಿದು ಚರ್ ಅಂತದ?"

"ಅದರ ಕಟ್ಟಿಗಿ ಬಳಿ ಸೀಳಿತ್ರಿ" ಎಂದಳು ಹೆಂಡತಿ, ಮುಚ್ಚಿದ ಸೆರಗಿನೊಳಗಿಂದಲೇ. "ತಂತಿ ಸುತ್ತಿದ್ದ. ಚರ್ಮ ಕಾಸಾಕ ಬೆಂಕಿಗಿ ಹಿಡದಾಗೊಮ್ಮಿ ತಂತಿ ಸಡ್ಲ ಆಗ್ತಿತ್ತು."

"ಹೌದಾ. ಹಂಗಾರ ಎರಡರಾಗೂ ಒಂದ ದಮ್ಮಡಿ." ಸಾಹೇಬರು ತಿರುಗಿ ಕೂತರು. "ಆ ದಮ್ಮಡಿ ಈಗ ಎಲ್ಲಿ ಅದ?"

ಪ್ರಶ್ನೆ ಅಷ್ಟು ಸರಳವಾಗಿತ್ತು. ಅವನು ಅದನ್ನು ಕಟ್ಟಿಕೊಂಡು ಹೋಗಿದ್ದರೆ, ಈ ಹಾಡನ್ನು ಆಮೇಲೆಯೂ ಎಲ್ಲಿಯಾದರೂ ಹಾಡಿರಬಹುದು. ಮನೆಯಲ್ಲಿಯೇ ಬಿಟ್ಟು ಹೋಗಿದ್ದರೆ, ಇದು ಹೊಳೆಗೆ ಮುಂಚಿನ ಹಾಡು. ಸೊಸೆ ಸೆರಗನ್ನು ಮುಖದಿಂದ ಇಳಿಸಿ ಅತ್ತೆಯನ್ನು ನೋಡಿದಳು. ಏನೋ ಹೇಳಲು ಹೋಗಿ ಬಾಯಿ ಮುಚ್ಚಿದಳು. ಬಂದಾಗಿನಿಂದ ಇವಳನ್ನು ಹಂಗಿಸುತ್ತ, ಬಸ್ಸಿಗೆ ಹೊತ್ತಾಯಿತೆನ್ನುತ್ತ ಕೂತಿದ್ದ ಅತ್ತೆ ಎಲೆಯಡಿಕೆಯನ್ನು ದವಡೆಗೆ ಸರಿಸಿ ಹೇಳಿದಳು:

"ಎಲ್ಲಿ ಇರ್ತದ್ರೀ ಯಪ್ಪಾ. ಅಂವನ ಸಂಗಾಟ ಹೋಗ್ಯದ. ಕೂಸಿನಾಂಗ ಬಗಲಾಗ ಇಟಗೊಂಡ ಹರಗೋಲ ಹತ್ತಿದ. ನಾ ದಂಡೀಮ್ಯಾಲ ನಿಂತ ನೋಡೀನಿ."

ಸಾಹೇಬರು ಪರದೆಯನ್ನು ಆರಿಸಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ಹಿರ್ಯಾರಿಗಿ ಹೇಳ್ರಿ. ಆವಾಜ್ ಆ ಮನುಷ್ಯಾಂದ ಅದ. ಯಾವಾಗಿಂದು ಅಂತ ಸಾಹೇಬ್ರು ಹೇಳ್ಲಿಲ್ಲ ಅನ್ರಿ" ಎಂದರು.

"ಅಂದ್ರ ಜೀವಂತ ಅದಾನಂತೀರೇನು?"

"ಅದನ್ನ ನಾ ಅಂದಿಲ್ಲ."

"ಹಂಗಾರ ಸತ್ತಾನಂತ ಹೇಳ್ಲೇನು?"

"ಅದನ್ನೂ ನಾ ಅಂದಿಲ್ಲಪಾ. ಅಂದಷ್ಟ ಹೇಳು."

ಗಂಡ ಎಂದಾದರೂ ಬಾಗಿಲಿಗೆ ಬಂದು ನಿಲ್ಲಬಹುದಾದ ಹೆಣ್ಣನ್ನು ಉಡಿಕಿ ಮಾಡಿಕೊಳ್ಳಲು ಯಾವ ಮನೆಯ ಹಿರಿಯರೂ ಒಪ್ಪುವುದಿಲ್ಲ. ಆ ಮಾತುಕತೆ ಅಲ್ಲಿಗೇ ನಿಂತಿತು. ಊರಿನಲ್ಲಿ ಎರಡು ಕಥೆಗಳು ಹುಟ್ಟಿದ್ದು ಆಗಲೇ.

ಕಿವಿಗೆ ಬಿದ್ದ ಕಥೆಯನ್ನು ಹಾಗೆಯೇ ನುಂಗುವುದು ನನ್ನಿಂದಾಗದು. ಕೆಲವು ತಿಂಗಳ ಅನಂತರ ದೇವದುರ್ಗಕ್ಕೆ ಕೆಲಸವಿತ್ತು. ಮುಗಿಸಿಕೊಂಡು ಆ ಹಳ್ಳಿಗೆ ಹೋದೆ. ಸೊಸೆ ಕುರಿಯ ಹಿಂದೆ ಹೋಗಿದ್ದಳು. ಅತ್ತೆ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ಒಳಗಿನಿಂದ ಮಜ್ಜಿಗೆ ತಂದಳು. ತೆರೆದಿದ್ದ ಬಾಗಿಲಿನಿಂದ ನಡುಮನೆಯ ಗೋಡೆ ಕಾಣುತ್ತಿತ್ತು. ಗೂಟಕ್ಕೆ ದಮ್ಮಡಿ ತೂಗುಹಾಕಿತ್ತು. ಅದರ ಬಳೆಗೆ ಒಂದು ಕಡೆ ತಂತಿ ಸುತ್ತಿತ್ತು. ಚರ್ಮದ ಮೇಲೆ ಧೂಳಿರಲಿಲ್ಲ. ಯಾರೋ ಆಗಾಗ ಒರೆಸುತ್ತಿದ್ದಿರಬೇಕು.

ಮುದುಕಿ ನನ್ನ ದೃಷ್ಟಿ ಹೋದೆಡೆಗೆ ತಾನೂ ನೋಡಿದಳು. ಮುಚ್ಚಿಡಲು ಹೋಗಲಿಲ್ಲ.

"ನೋಡಿದಿ?"

"ನೋಡ್ದೆ."

"ಸಾಹೇಬಗ ಹೋಗಿ ಹೇಳ್ತೀಯೇನು?"

ನಾನು ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟೆ.

"ಹೇಳೂದಿದ್ರ ಹೇಳಪಾ. ಅಂವೇನು ಕಿವುಡ ಅದಾನ?" ಎಂದಳು. ಆಮೇಲೆ ಹೊಳೆಯ ಕಡೆ ಮುಖ ಮಾಡಿಕೊಂಡು, "ನನ್ನ ಮಗನ್ನ ಹೊಳಿ ಒಯ್ತು. ಅಂವ ಇದ್ದ ಅಂತ ಹೇಳಾಕ ಈಕಿ ಒಬ್ಬಾಕಿ ಉಳದಾಳ. ಈಕೀನೂ ಮಂದಿ ಒಯ್ದರ ನಾ ಯಾರ ಕೂಡ ಅಂವನ ಮಾತ ಆಡ್ಲಿ?" ಎಂದಳು.

ರಾಯಚೂರಿಗೆ ಬಂದವನು ನೇರವಾಗಿ ಮೇಲಿನ ಕೋಣೆಗೆ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಸಾಹೇಬರು ಬೆಸೆಯುತ್ತಿದ್ದ ವೈರಿನಿಂದ ತಲೆ ಎತ್ತಲಿಲ್ಲ.

"ನನಗ ಅವತ್ತ ಗೊತ್ತಿತ್ತು" ಎಂದರು.

"ಮುದುಕಿ ಹೇಳಿದ್ದು ಸುಳ್ಳು ಅಂತ?"

"ಮುದುಕಿ ಹೇಳೂಕ ಮುಂಚೇನ. ದಮ್ಮಡೀನ ಬೇಕಾಗಿರಲಿಲ್ಲ."

ಅವರು ಚಹದಂಗಡಿಯ ಆ ಕ್ಯಾಸೆಟ್ಟು ಹಚ್ಚಿ, ಸದ್ದನ್ನು ಪೂರ್ತಿ ಏರಿಸಿ, ಹತ್ತಿರ ಬರಲು ಸನ್ನೆ ಮಾಡಿದರು. ಹಾಡು ಶುರುವಾಗುವ ಮುನ್ನ ಬರೀ ಭರ್ರೆನ್ನುವ ಖಾಲಿ ಟೇಪು. ಆ ಖಾಲಿಯ ತಳದಲ್ಲಿ, ಗೋಡೆಯಾಚೆ ಯಾರೋ ಹಾಡಿದಷ್ಟು ಮೆಲ್ಲಗೆ, ಅದೇ ದನಿ, ಅದೇ ಮೊದಲ ಸಾಲು. ಅದು ಅಡಗಿದ ಮೇಲೆ ನಿಜವಾದ ಹಾಡು ಬಂತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ಭೂತ ಅಲ್ರಿ, ಹೆದರಬ್ಯಾಡ್ರಿ. ದೊಡ್ಡ ಸ್ಪೂಲಿನ ಟೇಪು ಸುತ್ತಿಟ್ಟಲ್ಲೇ ವರ್ಷಗಟ್ಟಲೆ ಬಿದ್ದಿದ್ರ, ಅದೂ ನಮ್ಮ ಬಿಸಲಿನ್ಯಾಗ, ಒಂದ ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟಿಕೊಳ್ತದ. ಮನುಷ್ಯಾ ಬಾಯಿ ತೆಗೆಯೂಕ ಮುಂಚೇನ ಅವನ ನೆರಳು ಹಾಡ್ತದ. ಈ ಕ್ಯಾಸೆಟ್ಟು ಹೊಸಾದು. ಇದಕ ಅಷ್ಟು ವಯಸ್ಸಾಗಿಲ್ಲ. ಇದನ್ನ ಇಳಿಸಿಕೊಂಡ ಮೂಲ ಟೇಪು ಬಹಳ ಹಳೇದು. ಹೊಳಿಗಿಂತ ಹಳೇದು ಇರಬೇಕು."

"ಗೊತ್ತಿದ್ದೂ ದಮ್ಮಡಿ ಎಲ್ಲದ ಅಂತ ಯಾಕ ಕೇಳಿದ್ರಿ?"

"ಹೇಳಬೇಕಾದವರು ಅವರು. ಅವರ ಮನಿ ಸಾವು. ನಾ ಯಾರ್ರೀ ಮೊದಲ ಹೇಳಾಕ?"

ನಾನು ಒಪ್ಪಲಿಲ್ಲ. ಒಬ್ಬ ಹೆಂಗಸಿನ ಬಾಳನ್ನು ಇಲ್ಲದವನ ಕಾವಲಿಗೆ ನಿಲ್ಲಿಸಿದಿರಿ ಎಂದೆ. ದನಿಯ ಸತ್ಯವನ್ನು ಕೂದಲೆಳೆಯಷ್ಟು ಅಳೆಯುವವರು ಮನುಷ್ಯರ ಮುಂದೆ ಅಳತೆಗೋಲನ್ನು ಬಚ್ಚಿಟ್ಟಿರಿ ಎಂದೆ. ಅವರು ಎಲ್ಲವನ್ನೂ ಕೇಳಿ, "ಹಬ್ಬದ ಮುಂದ ಆಕಿ ಬರ್ತಾಳ, ಹಾಡು ಕೇಳಾಕ. ನಿಮಗ ಹೇಳಬೇಕನಸಿದ್ರ ನೀವ ಹೇಳ್ರಿ. ನಾ ತಡಿಯಾಂಗಿಲ್ಲ" ಎಂದರು.

ಅವಳು ಬಂದಳು. ಕ್ಯಾಸೆಟ್ಟನ್ನು ಅವಳು ಸಾಹೇಬರ ಬಳಿಯೇ ಬಿಟ್ಟಿದ್ದಳು. ಊರಿನ ಗದ್ದಲದಲ್ಲಿ ಸರಿಯಾಗಿ ಕೇಳುವುದಿಲ್ಲವೆಂಬುದು ಅವಳ ಕಾರಣ. ಸಾಹೇಬರು ಟೇಪು ಹಚ್ಚಿ, ಸದ್ದು ಏರಿಸಿ, ನನ್ನನ್ನೊಮ್ಮೆ ನೋಡಿ ಹೊರಗೆ ಹೋದರು. ನಾನು ಸಿದ್ಧನಾಗಿಯೇ ಬಂದಿದ್ದೆ. ಆದರೆ ಅವಳ ಎದುರಿಗೆ ಕೂತಾಗ, ದಮ್ಮಡಿಯಿರುವ ಮನೆಯಲ್ಲಿಯೇ ದಿನವೂ ಮಲಗಿ ಏಳುವವಳಿಗೆ ನಾನು ತಿಳಿಸುವಂಥದು ಏನಿದೆ ಎಂದು ಹೊಳೆಯಿತು. ಹೇಳುವುದಕ್ಕೆ ಬದಲು ಕೇಳಿದೆ.

"ಯವ್ವಾ, ಅಂವ ಇದ್ದಾನಂತ ನೀ ನಂಬೀಯೇನು?"

ಅವಳು ಸುಮ್ಮನಿರುವಂತೆ ಕೈ ಸನ್ನೆ ಮಾಡಿ ಸ್ಪೀಕರಿನ ಕಡೆ ಬಾಗಿದಳು. ಖಾಲಿ ಟೇಪು ಓಡುತ್ತಿತ್ತು. ಅದರ ತಳದಿಂದ, ಬಹಳ ದೂರದಿಂದ, ಆ ಮಸುಕು ದನಿ ಎದ್ದಿತು. ಅಂಗಳದಲ್ಲಿ ನಿಂತು ಯಾರೋ ಕರೆದರೆ ಒಲೆಯ ಮುಂದಿನಿಂದ ಓಗೊಡುವಂತೆ, ಅವಳು ತಗ್ಗಿದ ಸ್ವರದಲ್ಲಿ, "ಹೂಂ, ಬಂದೆ" ಎಂದಳು.

ಆಮೇಲೆ ಹಾಡು ಶುರುವಾಯಿತು.